ಎಫ್-ಟ್ವೆಲ್ವ್ ಒತ್ತಿದ ಮೇಲೆ

ಈ ಸಭೆಯ ಅಧ್ಯಕ್ಷರೂ, ನಮ್ಮೂರ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯವನ್ನು ಇಪ್ಪತ್ತು ವರ್ಷಗಳಿಂದ ನಡೆಸುತ್ತಿರುವವರೂ ಆದ ಶ್ರೀ ದೊಡ್ಡತಿಮ್ಮಪ್ಪನವರೇ, ವೇದಿಕೆಯ ಮೇಲಿನ ಗಣ್ಯರೇ, ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರದ ವಿದ್ಯಾರ್ಥಿಗಳೇ, ಉಪ್ಪಿಟ್ಟಿನ ವಾಸನೆ ಮೂಗಿಗೆ ಬಡಿದರೂ ಎದ್ದು ಹೋಗದ ಸಭಿಕರೇ,

ಹೊಳಲ್ಕೆರೆಯಲ್ಲಿ ನಮ್ಮ ಕೇಂದ್ರಕ್ಕೆ ಈಗ, ಎರಡು ಸಾವಿರದ ಒಂಬತ್ತಕ್ಕೆ, ಒಂಬತ್ತು ವರ್ಷ. ಈ ವಾರ್ಷಿಕೋತ್ಸವದಲ್ಲಿ, ಹೊಸ ಬ್ರೌಸರ್ ಆವೃತ್ತಿಯಿಂದ ವೆಬ್ ಪುಟ ಮಾಡುವವರಿಗೆ ಏನು ಲಾಭ ಎಂಬುದನ್ನು ಹೇಳಲು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ.

ಬ್ರೌಸರ್ ಎಂದರೆ ಇಂಟರ್‌ನೆಟ್ಟಿನ ಪುಟಗಳನ್ನು ಪರದೆಯ ಮೇಲೆ ತೋರಿಸುವ ತಂತ್ರಾಂಶ. ಹಳೆಯದರಲ್ಲಿ ಐದು ಪುಟ ತೆರೆದಿದ್ದಾಗ ಒಂದು ಕೆಟ್ಟರೆ ಐದೂ ಮುಚ್ಚಿಕೊಳ್ಳುತ್ತಿದ್ದವು. ಒಬ್ಬ ಪ್ರಯಾಣಿಕನಿಗೆ ವಾಂತಿ ಬಂತೆಂದು ಇಡೀ ಬಸ್ಸನ್ನೇ ಡಿಪೋಗೆ ತಿರುಗಿಸಿದ ಹಾಗೆ! ಹೊಸದರಲ್ಲಿ ಕೆಟ್ಟ ಪುಟ ಮಾತ್ರ ಇಳಿದು ಹೋಗುತ್ತದೆ. ಇದು ಲಾಭವಲ್ಲವೇ? ಲಾಭವೇ.

ಆದರೆ ದೊಡ್ಡ ಲಾಭ ಎಫ್-ಟ್ವೆಲ್ವ್ ಎಂಬ ಕೀಯಲ್ಲಿದೆ. ಅದನ್ನು ಒತ್ತಿದರೆ ನಾವು ಬರೆದ ಪ್ರೋಗ್ರಾಮನ್ನು ಸಾಲು ಸಾಲಾಗಿ ನಿಲ್ಲಿಸಿ ನೋಡಬಹುದು. ಬ್ರೌಸರು ಪ್ರತಿ ಸಾಲನ್ನು ಏನೆಂದು ತಿಳಿದುಕೊಂಡಿತು ಎಂಬುದು ಕಾಣುತ್ತದೆ. ಮೊದಲು ತಪ್ಪು ಎಲ್ಲಿದೆ ಎಂದು ಊಹಿಸಬೇಕಿತ್ತು. ಊಹಿಸುವವನು ತಾನು ಬರೆದ ಸಾಲನ್ನೇ ಯಾಕೆ ಅನುಮಾನಿಸಿಯಾನು ಹೇಳಿ?

ಒಂದು ಉದಾಹರಣೆ ಕೊಡುತ್ತೇನೆ. ಈ ಬೇಸಿಗೆಯಲ್ಲಿ ಅಧ್ಯಕ್ಷರ ವಿದ್ಯಾರ್ಥಿನಿಲಯಕ್ಕೆ ನಾವೊಂದು ಪುಟ ಮಾಡಿಕೊಟ್ಟೆವು. ಅರ್ಜಿಗೆ ಜೂನ್ ಹತ್ತು ಕೊನೆಯ ದಿನ. ಇನ್ನೆಷ್ಟು ದಿನ ಉಳಿದಿದೆ ಎಂದು ಪುಟವೇ ತೋರಿಸಬೇಕು. ಅದು ಒಂದು ತಿಂಗಳು ಹೆಚ್ಚಿಗೆ ತೋರಿಸಿತು. ನಂಬಿಕೊಂಡ ಹನ್ನೊಂದು ಹೆಣ್ಣುಮಕ್ಕಳು ತಡವಾಗಿ ಬಂದು ಟ್ರಂಕು ಹಿಡಿದು ಬಾಗಿಲಲ್ಲಿ ನಿಂತರು. ಅಧ್ಯಕ್ಷರದು ದೊಡ್ಡ ಮನಸ್ಸು, ಊಟದ ಕೋಣೆಯಲ್ಲಿ ಹಾಸಿಗೆ ಹಾಕಿಸಿ ಸೇರಿಸಿಕೊಂಡರು. ಆಮೇಲೆ ನನ್ನನ್ನು ಕರೆಸಿದರು. "ಏನಪ್ಪ ಲಕ್ಷ್ಮೀಕಾಂತ್, ಇದು ಯಾರ ಕೆಲ್ಸ?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ನೆಲವಾಗಿ ಸಿಕ್ಕಿದವಳು ತಾಳ್ಯದ ಶಾಂತಿ, ನಮ್ಮಲ್ಲೇ ಕಲಿತು ನಮ್ಮಲ್ಲೇ ಪಾಠ ಹೇಳುತ್ತಿದ್ದ, ಆ ಪುಟ ಮಾಡುವಾಗ ನನ್ನ ಜೊತೆಗಿದ್ದ ಹುಡುಗಿ. ನಿಲಯದ ಸಮಿತಿಯವರೆಲ್ಲರ ಎದುರಿಗೆ ಅವಳತ್ತ ಬೆರಳು ತೋರಿಸಿದೆ. ಅವಳ ತಾಯಿ ಓಬಕ್ಕ ಅದೇ ನಿಲಯದಲ್ಲಿ ಅಡುಗೆಯವರು. ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಮರುದಿನದಿಂದ ಶಾಂತಿ ಕೇಂದ್ರಕ್ಕೆ ಬರಲಿಲ್ಲ. ಅವಳೇ ಬಿಟ್ಟಳೆಂದು ನಿಮಗೆಲ್ಲ ಹೇಳಿದ್ದೆ. ಬರಬೇಡ ಎಂದವನು ನಾನು.

ಮೊನ್ನೆ ತರಗತಿಯಲ್ಲಿ ಹೊಸ ಬ್ರೌಸರ್ ತೋರಿಸಲು ಅದೇ ಪುಟ ತೆರೆದು ಎಫ್-ಟ್ವೆಲ್ವ್ ಒತ್ತಿದೆ. ಪ್ರೋಗ್ರಾಮು ಕೊನೆಯ ದಿನದ ಸಾಲಿನ ಮೇಲೆ ಬಂದು ನಿಂತಿತು. ಆ ಸಾಲು ಬರೆದದ್ದು ನಾನು. ಜೂನ್ ಆರನೇ ತಿಂಗಳೆಂದು ಆರು ಬರೆದಿದ್ದೆ. ಬ್ರೌಸರು ಜನವರಿಯನ್ನು ಸೊನ್ನೆ ಎಂದು ಎಣಿಸುತ್ತದೆ. ಅದರ ಆರು ಎಂದರೆ ಜುಲೈ! ತಟ್ಟನೆ ಪರದೆ ಆರಿಸಿ "ಕರೆಂಟು ಹೋಯಿತು" ಎಂದೆ. ನೆತ್ತಿಯ ಮೇಲೆ ಫ್ಯಾನು ತಿರುಗುತ್ತಿತ್ತು. ಮಕ್ಕಳು ಮರ್ಯಾದಸ್ಥರು, ಯಾರೂ ಮೇಲೆ ನೋಡಲಿಲ್ಲ.

ಅವತ್ತೇ ತಾಳ್ಯಕ್ಕೆ, ಅವರ ಮನೆಗೆ ಹೋದೆ. "ಬರ್ರಿ ಸಾರ್, ಕುಂತ್ಕಳ್ರಿ" ಎಂದರು ಓಬಕ್ಕ. ತಪ್ಪಾಯಿತು ಎಂದೆ. ಶಾಂತಿ ಒಳಗಿನಿಂದ ಬಂದಳು.

"ಸಾರ್, ಅಲ್ಲಿ ಐದು ಹಾಕ್ಬೇಕು ಅಂತ ನಾನು ಆವಾಗ್ಲೇ ಹೇಳಿದ್ದೆ. ನಂಗೇ ಹೇಳ್ಕೊಡ್ತೀಯೇನಮ್ಮ ಅಂದ್ರಿ. ಈಗ ಮನೇಲಿ ಕುಂತು ತಪ್ಪಾತು ಅಂದ್ರೆ ನಮ್ಮವ್ವ ಒಬ್ಳೇ ಕೇಳಿಸ್ಕಂತಾಳೆ. ನೀವು ಬೆರಳು ತೋರ್ಸಿದ್ದು ಎಲ್ಲರ ಮುಂದಲ್ವ?"

ವಾರ್ಷಿಕೋತ್ಸವಕ್ಕೆ ತಾಯಿ ಮಗಳು ಇಬ್ಬರೂ ಬರಬೇಕೆಂದು ಕೇಳಿಕೊಂಡು ವಾಪಸು ಬಸ್ಸು ಹತ್ತಿದೆ.

ಮಾನ್ಯ ಅಧ್ಯಕ್ಷರೇ, ಯಾರ ಕೆಲಸ ಎಂದು ನೀವು ಕೇಳಿದ್ದಿರಿ. ನನ್ನ ಕೆಲಸ. ಶಾಂತಿಯದಲ್ಲ. ಅವಳ ಕುರ್ಚಿ ನಮ್ಮಲ್ಲಿ ಹಾಗೆಯೇ ಇದೆ, ಬರುವುದೂ ಬಿಡುವುದೂ ಅವಳ ಇಷ್ಟ. ತಾಯಿಯ ಜೊತೆ ಹಿಂದಿನ ಬಾಗಿಲ ಹತ್ತಿರ ನಿಂತಿದ್ದಾಳೆ. ದಯವಿಟ್ಟು ಎಲ್ಲರೂ ಒಮ್ಮೆ ಆ ಕಡೆ ತಿರುಗಬೇಕು.

ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ. ಕೈ ಮಾತ್ರ ಮೊದಲು ಆ ಬಾಗಿಲ ಕಡೆಗೆ ಮುಗಿಯುತ್ತೇನೆ. ಓಬಕ್ಕ, ಶಾಂತಿ, ನಮಸ್ಕಾರ.