ಎಂಜಲು ಹೆಬ್ಬೆರಳು

ಕುರ್ಚಿ ಬೇಡ ಅಂದೆನಲ್ಲ ಪೂಜಿತಾ, ಈ ಬಾಗಿಲ ಹತ್ತಿರಾನೇ ಕೂತ್ಕೊಳ್ತೀನಿ. ಆ ಕಿಟಕಿ ತೆಗೆದಿಡು, ಗಾಳಿ ಆಡಲಿ. ನೀನು ಹೋಗಿ ಗಂಜಿ ನೋಡ್ಕೋ ತಂಗಿ, ನಿನ್ನ ಗಂಡನ ಹತ್ರ ನಾನಿರ್ತೀನಿ.

ಯಾಕೋ ಸತೀಶ, ನಗ್ತೀಯ? ಮಾಸ್ಕ್ ಹಾಕ್ಕೊಂಡು ಬಂದಿದೀನಿ ಅಂತಾನಾ? ನಗು, ನಗು. ಡ್ರೈವರ್ ಮಲಗಿದಾನೆ, ಬಸ್ಸು ಶಿವಮೊಗ್ಗದ ಸ್ಟ್ಯಾಂಡಲ್ಲಿ ನಿಂತಿದೆ, ಕಂಡಕ್ಟರ್ ಜಯಕುಮಾರ ಭದ್ರಾವತಿಗೆ ಬಂದು ಕಳ್ಳನ ಹಾಗೆ ಮುಖ ಮುಚ್ಕೊಂಡು ಕೂತಿದಾನೆ. ನಗೋ ವಿಷಯಾನೇ.

ಇವತ್ತಿಗೆ ಐದು ದಿನ ಅಲ್ವಾ? ಶುಕ್ರವಾರ ಬೆಳಿಗ್ಗೆ ಚೆನ್ನಾಗಿದ್ದೋನು, ಮಧ್ಯಾಹ್ನ ಮಾಚೇನಹಳ್ಳಿ ದಾಟೋ ಹೊತ್ತಿಗೆ ಸ್ಟೀರಿಂಗ್ ಹಿಡಿಯೋಕೆ ಆಗ್ತಿಲ್ಲ ಜಯಣ್ಣ ಅಂದೆ. ಹಾಗೇ ಬರೋದು ಅದು. ನೆಗಡಿ ಮೆಲ್ಲಗೆ ಬರುತ್ತೆ, ಮೂಗು ಸೋರುತ್ತೆ, ಹೋಗುತ್ತೆ. ಫ್ಲೂ ಹಾಗಲ್ಲ, ಒಂದೇ ಏಟಿಗೆ ಕೆಡವುತ್ತೆ. ಚಳಿ, ಜ್ವರ, ಒಣ ಕೆಮ್ಮು, ಮೈಯೆಲ್ಲ ಬಡಿದು ಹಾಕಿದ ಹಾಗೆ ನೋವು. ನಿನಗೆ ಮೊದಲೇ ಉಬ್ಬಸ ಬೇರೆ.

ನಾನೇ ಬರೆದಿದ್ದಲ್ವಾ ಕರಪತ್ರದಲ್ಲಿ? ಏಳನೇ ಕ್ಲಾಸು ಓದಿದೋನು, ನಾಲ್ಕು ಡಾಕ್ಟರ ಬಾಗಿಲಲ್ಲಿ ನಿಂತು ಕೇಳಿ ಕೇಳಿ ಬರೆದೆ. ಕೆಮ್ಮುವಾಗ ಮೊಣಕೈ ಅಡ್ಡ ಹಿಡೀರಿ. ಸೋಪು ಹಚ್ಚಿ ಕೈ ತೊಳೀರಿ. ಜ್ವರ ಬಂದವರು ಬಸ್ಸು ಹತ್ತಬೇಡಿ, ಜ್ವರ ಬಿಟ್ಟ ಮೇಲೂ ಒಂದು ದಿನ ಮನೇಲಿರಿ. ಅದರ ಕೆಳಗೆ ಇನ್ನೊಂದು, ಕೊನೇ ಸಾಲು, ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಒಂದೊಂದು ಬಸ್ಸಿಗೂ ನಾನೇ ಅಂಟು ಬಳಿದು ಅಂಟಿಸಿದೆ.

ಜ್ವರಕ್ಕೆ ರಜೆ ಕೊಡಿ ಅಂತ ಕೇಳಿದಾಗ ಓನರ್ ರೇಣುಕಾಪ್ರಸಾದ್ ಏನಂದ ನೆನಪಿದೆಯಾ? ಜ್ವರ ಡ್ರೈವರಿಗೆ ಬಂದಿದೆ, ಇಂಜಿನ್ನಿಗೆ ಬಂದಿಲ್ವಲ್ಲ ಅಂದ. ಜನರನ್ನ ಕುರಿ ತುಂಬಿದ ಹಾಗೆ ತುಂಬೋನು ಅವನು. ಬಿಟ್ನಾ ನಾನು? ಹೋದ ವಾರ ಸೋಮವಾರ ಅವನ ಮೇಜು ಗುದ್ದಿ ಬರೆಸ್ಕೊಂಡೆ: ಜ್ವರ ಬಂದ ನೌಕರನಿಗೆ ರಜೆ, ಸಂಬಳ ಹಿಡಿಯೋ ಹಾಗಿಲ್ಲ. ನೀವೆಲ್ಲ ಸೇರಿ ನನ್ನನ್ನ ಹೆಗಲ ಮೇಲೆ ಹೊತ್ತಿರಿ.

ಏನು? ಇಲ್ಲ ಬಿಡು, ಮಾತಾಡಬೇಡ, ದಣಿವಾಗುತ್ತೆ.

ನಿನಗೆ ತಂದು ಅಂಟಿಸಿದೋನು ಯಾರು ಅಂತ ನಾನು ಹೇಳ್ತೀನಿ. ಗಾಂಧಿ ಬಜಾರಿಂದ ಬಟ್ಟೆ ಗಂಟು ತರ್ತಾನಲ್ಲ, ನಿನ್ನ ಹಿಂದೇನೇ ಕೂತು ಕೆಮ್ತಿದ್ದ... ಅವನಲ್ಲ ಅಂತೀಯಾ? ತಲೆ ಯಾಕೆ ಅಲ್ಲಾಡಿಸ್ತೀಯ? ಹಾಗಾದ್ರೆ ಓನರ್ರೇ. ಕಿಟಕಿ ಗಾಜು ತೆಗೆಯೋಕೆ ಬರದ ಡಬ್ಬ ಬಸ್ಸು ಓಡಿಸೋದು ಅವನು ತಾನೆ?

ನನ್ನ ಕೈ ಯಾಕೆ ನೋಡ್ತೀಯ?

ಏನದು... ಹೆಬ್ಬೆರಳು ನಾಲಿಗೆಗೆ ಮುಟ್ಟಿಸಿ ತೋರಿಸ್ತೀಯ. ಹೌದಪ್ಪ, ಎಂಜಲು ಹಚ್ಚದೆ ನನಗೆ ಟಿಕೆಟ್ ಹರಿಯೋಕೆ ಬರಲ್ಲ. ಇಪ್ಪತ್ತೆರಡು ವರ್ಷದ ಚಾಳಿ. ಯಾವ ಕಂಡಕ್ಟರ್ ಹಚ್ಚಲ್ಲ ಹೇಳು?

ಈಗ ಬಾಯಿ ಯಾಕೆ ತೋರಿಸ್ತೀಯ?

ಓ... ಎಲೆಯಡಿಕೆ.

ನಿನ್ನ ಎರಡೂ ಕೈ ಸ್ಟೀರಿಂಗ್ ಮೇಲೆ. ನಾನು ಬಾನೆಟ್ ಮೇಲೆ ಕೂತು, ಅದೇ ಹೆಬ್ಬೆರಳಲ್ಲಿ ಎಲೆಗೆ ಸುಣ್ಣ ಸವರಿ, ಮಡಿಚಿ, ನಿನ್ನ ಬಾಯಿಗಿಡ್ತಿದ್ದೆ. ಪ್ರತಿ ಟ್ರಿಪ್ಪಿಗೂ. ಬುಧವಾರಾನೂ ಇಟ್ಟೆ.

ಹಾಗೆ ನೋಡಬೇಡ ಮಾರಾಯ. ಬೈದುಬಿಡು. ಬುಧವಾರ ನನ್ನ ಕಣ್ಣು ಕೆಂಪಗಿದೆ ಅಂದೆ ನೀನು. ಧೂಳು ಅಂದೆ ನಾನು. ಧೂಳಲ್ಲ. ಮಂಗಳವಾರ ಸಂಜೆಗೇ ಮೈ ಸುಡ್ತಿತ್ತು. ಮಾತ್ರೆ ನುಂಗಿ ಡ್ಯೂಟಿಗೆ ಬಂದೆ. ಸೋಮವಾರ ರಜೆ ಗೆದ್ದು ಬುಧವಾರ ನಾನೇ ಹೋಗಿ ಮಲಗಿದ್ರೆ ಜನ ಏನಂತಿದ್ರು? ತನ್ನ ನಿದ್ದೆಗೋಸ್ಕರ ಹೋರಾಡಿದ ಜಯಕುಮಾರ ಅಂತಿದ್ರು. ಆ ಓನರ್ ಸ್ಟ್ಯಾಂಡ್ ತುಂಬ ಹೇಳ್ಕೊಂಡು ನಗ್ತಿದ್ದ. ಆ ನಗು ತಡೆಯೋಕೆ ಆಗ್ತಿರಲಿಲ್ಲ ನನಗೆ.

ಇನ್ನೊಂದಿದೆ. ಅದನ್ನೂ ಕೇಳ್ಕೋ. ನಿನ್ನೆ ಪೂಜಿತಾ ಫೋನ್ ಮಾಡಿದ್ಲು. ಇಳಿದ ಜ್ವರ ಮತ್ತೆ ಏರಿದೆ ಅಣ್ಣ, ಆಸ್ಪತ್ರೆಗೆ ಕರ್ಕೊಂಡು ಹೋಗ್ಲಾ ಅಂದ್ಲು. ಬೇಡ, ಕಷಾಯ ಕೊಡು ಅಂದೆ. ನಾನು ಅಂದೆ. ಡಾಕ್ಟರು ಕೇಳ್ತಾರಲ್ಲ, ಜೊತೇಲಿದ್ದೋರಲ್ಲಿ ಯಾರಿಗೆ ಜ್ವರ ಇತ್ತು ಅಂತ. ಅಲ್ಲಿ ನನ್ನ ಹೆಸರು ಬರೋದು ಬೇಡವಾಗಿತ್ತು.

ಬೈಯೋ ಸತೀಶ. ಒಂದು ಮಾತಾಡು.

ನಾನು ಬಂದಾಗಿನಿಂದ ನೀನು ಒಂದು ಮಾತೂ ಪೂರ್ತಿ ಆಡಿಲ್ಲ. ಸಿಟ್ಟು ಅಂದ್ಕೊಂಡೆ. ಸಿಟ್ಟಲ್ಲ ಅಲ್ವಾ? ಈ ಕಡೆ ತಿರುಗು, ಬೆಳಕಿಗೆ. ಆಗ ನೀನು ನಗ್ತಿರಲಿಲ್ಲ, ಉಸಿರಿಗೆ ಬಾಯಿ ತೆಗೆದಿದ್ದು. ತುಟಿ... ತುಟಿ ಯಾವ ಬಣ್ಣಕ್ಕೆ ತಿರುಗಿದೆ ಇದು?

ಕರಪತ್ರದ ಆ ಕೊನೇ ಸಾಲು ಇದೇ ಅಲ್ವೇನೋ. ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ಇಳಿದ ಜ್ವರ ಮತ್ತೆ ಏರಿದರೆ ಒಂದು ಗಳಿಗೆಯೂ ಕಾಯಬೇಡಿ. ನಾನೇ ಬರೆದಿದ್ದು.

ಪೂಜಿತಾ, ಗಂಜಿ ಬಿಟ್ಟು ಬಾ. 108ಕ್ಕೆ ಫೋನ್ ಮಾಡು. ಈಗಲೇ. ಡಾಕ್ಟರು ಕೇಳಿದ್ರೆ ನಾನೇ ಹೇಳ್ತೀನಿ, ಎಲ್ಲಾ ಹೇಳ್ತೀನಿ.

ಏಳು ಸತೀಶ, ಗೋಡೆಗೆ ಒರಗಿ ಕೂತ್ಕೋ, ಸ್ವಲ್ಪ ಉಸಿರು ಆಡುತ್ತೆ. ಕೈ ಕೊಡು, ಎತ್ತಿ ಕೂರಿಸ್ತೀನಿ. ಕೊಡೋ... ಯಾಕೆ ಹಿಂದಕ್ಕೆ ಎಳ್ಕೊಳ್ತೀಯ?

ತೊಳ್ಕೊಂಡು ಬಂದಿದೀನಿ ಮಾರಾಯ. ಇವತ್ತು ತೊಳ್ಕೊಂಡು ಬಂದಿದೀನಿ.