ಅತ್ತೆ ಬಾಯಿಗೆ ಮಾಸ್ಕ್

ಅಲ್ಲಾಡ್ಬೇಡಿ ಅತ್ತೆ, ಬೆಲ್ಟ್ ಸಡಿಲ ಆಗತ್ತೆ. ಇವು ನಿಮ್ಮ ಮಗನ ಪ್ಯಾಂಟಿನ ಬೆಲ್ಟು, ಆಸ್ಪತ್ರೇದಲ್ಲ... ಹಾಂ, ಮಿಥುನ್‌ಗೆ ಹೇಳ್ಬೇಡಿ. ಅವ್ರು ಶುಕ್ರವಾರ ಡಬ್ಲಿನ್ನಿಂದ ಬರೋಷ್ಟರಲ್ಲಿ ಎಲ್ಲಾ ವಾಪಸ್ ಬೀರು ಸೇರಿರತ್ತೆ.

ಮಾಸ್ಕ್ ತೆಗೀಬೇಡಿ, ರೂಲ್ ಅಂದ್ರೆ ರೂಲೇ. ಹೆಲಿಕಾಪ್ಟರ್ ಒಳಗೆ ಪೇಷಂಟ್ ಮಾತಾಡಿದ್ರೆ ಯಾರಿಗೂ ಕೇಳ್ಸಲ್ಲ. ಅದಕ್ಕೇ ಕೈ ಹಿಡ್ಕೊಂಡಿರೋದು. ಹೌದು ಅಂದ್ರೆ ಒಂದ್ಸಲ ಒತ್ತಿ, ಇಲ್ಲ ಅಂದ್ರೆ ಎರಡ್ಸಲ. ಅರ್ಥ ಆಯ್ತಾ?... ಒಂದು. ಗ್ರ್ಯಾಂಡ್, ಇಲ್ಲಿಯೋರು ಅನ್ನೋ ಹಾಗೆ. ನೀವು ಈ ಸ್ಲೈಗೋ ಊರಿಗೆ ಬಂದು ಎರಡು ತಿಂಗಳಾಯ್ತು, ಈ ಅಡುಗೆಮನೇಲಿ ಇಷ್ಟು ನಿಶ್ಶಬ್ದ ಇವತ್ತೇ ಮೊದ್ಲು... ಯಾಕೆ ನಗ್ತೀರಾ? ಮಾಸ್ಕೆಲ್ಲ ಮಂಜಾಯ್ತು ನೋಡಿ.

ಈಗ ಬೆರಳು ಕೊಡಿ. ಈ ಕ್ಲಿಪ್ಪು ಆಕ್ಸಿಜನ್ ಎಷ್ಟು, ನಾಡಿ ಎಷ್ಟು ಅಂತ ತೋರಿಸತ್ತೆ. ಆಕ್ಸಿಜನ್ ತೊಂಬತ್ತೆಂಟು, ನಾಡಿ ಎಪ್ಪತ್ತೆರಡು. ಊಟದ ಟೇಬಲ್ ಮೇಲೆ ಕಟ್ಟಾಕಿದ್ರೂ ಎಪ್ಪತ್ತೆರಡು! ಗಟ್ಟಿಗಿತ್ತಿ ನೀವು.

ನಾಳೆ ನನ್ನ ಟೆಸ್ಟಲ್ಲೂ ಇಷ್ಟೇ ಮಾಡೋದು. ಫ್ಲೈಟ್ ನರ್ಸ್ ಸರ್ಟಿಫಿಕೇಟು ನಾಲ್ಕು ವರ್ಷಕ್ಕೊಂದ್ಸಲ ರಿನ್ಯೂ ಆಗ್ಬೇಕು. ಇಲ್ದಿದ್ರೆ ಹೋಯ್ತು, ಮತ್ತೆ ಹೆಲಿಕಾಪ್ಟರ್ ಹತ್ತೋ ಹಾಗಿಲ್ಲ. ಬರೀ ಫಾರ್ಮಾಲಿಟಿ ಬಿಡಿ. ಮೊದಲ್ನೇ ಸಲ ಹೇಗೆ ಓದಿದ್ದೆ, ವೀಡಿಯೋ ಕಾಲಲ್ಲಿ ನೋಡಿದ್ರಲ್ಲ... ಸಿಂಕ್ ಮುಂದೆ ಪುಸ್ತಕ ನಿಲ್ಲಿಸ್ಕೊಂಡು ಪಾತ್ರೆ ತೊಳೀತಿದ್ದೆ. ಒಂದೇ ಸಲಕ್ಕೆ ಪಾಸು. ನೀವು ಸರಸ್ವತಿಪುರಂ ಪೂರ್ತಿ ಸುತ್ತಿ, ನಮ್ಮ ಚಿತ್ರಾ ಹೆಲಿಕಾಪ್ಟರ್ ಓಡಿಸ್ತಾಳೆ ಅಂದ್ಬಿಟ್ರಿ. ಅಂದಿಲ್ವಾ?... ಎರಡ್ಸಲ ಒತ್ತಿದ್ರೆ ನಂಬೋಳಲ್ಲ ನಾನು. ನಿಮ್ಮ ಪಕ್ಕದ್ಮನೆ ರತ್ನಾ ಆಂಟಿ ಫೋನ್ ಮಾಡಿ, ರಿವರ್ಸ್ ತೆಗೆಯೋದು ಕಷ್ಟಾನಾ ಅಂತ ಕೇಳಿದ್ರು.

ಸರಿ, ಮಿಕ್ಸಿ ಹಾಕ್ತೀನಿ. ಹೆಲಿಕಾಪ್ಟರ್ ಸದ್ದು ಬೇಕಲ್ಲ, ಜತೆಗೆ ಸಂಜೆ ದೋಸೆಗೆ ಚಟ್ನೀನೂ ಆಗತ್ತೆ. ಈಗ ಈ ಆಕ್ಸಿಜನ್ ಟ್ಯೂಬ್ ತಗೊಂಡು... ಈ ಟ್ಯೂಬ್... ಅಯ್ಯೋ, ಬಿತ್ತು. ಕೈಗೆ ಕ್ರೀಮ್ ಹಚ್ಕೊಂಡಿದ್ದೆ, ಜಾರತ್ತೆ. ತಾಳಿ, ಆಫ್ ಮಾಡ್ತೀನಿ. ಚಟ್ನಿ ತೀರಾ ನುಣ್ಣಗಾದ್ರೆ ನಿಮ್ಗೆ ಸೇರಲ್ಲ.

ಇನ್ನೊಂದ್ಸಲ. ಆನ್. ಮೊದ್ಲು ಉಸಿರು ನೋಡ್ಬೇಕು, ಆಮೇಲೆ... ಆಮೇಲೆ... ನಾಲಗೆ ತುದೀಲೇ ಇದೆ... ಬೇಡ, ಆಫ್. ಏನ್ ದರಿದ್ರ ಮಿಕ್ಸಿನೋ, ತಲೆ ಚಿಟ್ಟು ಹಿಡಿಸತ್ತೆ.

ಹಾಗ್ಯಾಕೆ ನೋಡ್ತೀರಾ? ನೀವು ಮಿಕ್ಸಿ ಹಾಕಿದಾಗೆಲ್ಲ ನಾನು ಹಿತ್ತಲಿಗೆ ಹೋಗ್ತೀನಿ ಅಂತಾನಾ? ಬಟ್ಟೆ ಒಣಗ್ಹಾಕೋಕೆ ಹೋಗೋದು ಅತ್ತೆ... ಹೂಂ, ಮಳೇಲೂ ಹಾಕ್ತಾರೆ ಇಲ್ಲಿ.

ಹೆದರ್ಕೊಂಡಿದಾಳೆ ಅನ್ಕೊಂಡ್ರಾ? ನಾನಾ? ವಾರಕ್ಕೆರಡು ಸಲ ಹಾರೋಳು ನಾನು... ಚಿತ್ರಾಗೆ ಭಯ ಇಲ್ಲ ಅಂತ ಒತ್ತಿ, ನೋಡೋಣ. ಒತ್ತಿ ಅತ್ತೆ. ಒಂದೇ ಒಂದ್ಸಲ.

ಒತ್ತಲ್ವಾ?

ಕ್ಲಿಪ್ಪು ಯಾಕೆ ತೆಗೀತೀರಾ? ನನ್ನ ಬೆರಳಿಗಾ... ಬೇಡ. ಅತ್ತೆ, ಬೇಡ...

ನಾಡಿ ನೂರ ಮೂವತ್ನಾಲ್ಕು.

...ಫೆಬ್ರವರಿಯಿಂದ ಹಾರಿಲ್ಲ ನಾನು. ಯೂನಿಫಾರ್ಮ್ ಹಾಕ್ಕೊಂಡು ಹೋಗೋದು ವಾರ್ಡಿಗೆ. ಅವತ್ತು ಸಮುದ್ರದ ಮೇಲೆ, ಗಾಳಿಗೆ ಹೆಲಿಕಾಪ್ಟರ್ ಧಡ್ ಅಂತ ಕೆಳಗಿಳೀತು. ನನ್ನ ಕೈಕಾಲೇ ಆಡ್ಲಿಲ್ಲ. ಪೇಷಂಟು ನಿಮ್ಮ ವಯಸ್ಸಿನ ಹೆಂಗಸು. ಜತೆಗಿದ್ದವನು ಎಲ್ಲಾ ಮಾಡ್ದ, ಅವ್ರು ಬದುಕಿದ್ರು. ಆದ್ರೆ ಅವ್ರು ನನ್ನ ಕಡೆ ಕೈ ಚಾಚಿದ್ರು ಅತ್ತೆ, ನಾನು ಹಿಡೀಲಿಲ್ಲ. ಮಿಥುನ್‌ಗೂ ಹೇಳಿಲ್ಲ. ನನಗೆ ತುಂಬಾ ಭಯ ಆಗತ್ತೆ... ಬಿಟ್ಟುಬಿಡೋಕೂ ಮನಸ್ಸಾಗ್ತಿಲ್ಲ.

ಏನಾದ್ರೂ ಅನ್ನಿ. ಮಾಸ್ಕ್ ತೆಗೆದು ಬೈದ್ರೂ ಸರಿ.

ಅದ್ಯಾಕೆ... ಬೆಲ್ಟ್ ನೀವೇ ಬಿಗಿ ಮಾಡ್ಕೊಳ್ತಿದೀರಾ? ಮತ್ತೆ ಮೊದಲಿಂದ ಶುರು ಮಾಡ್ಲಾ? ಕ್ಲಿಪ್ಪು... ನನ್ನ ಬೆರಳಲ್ಲೇ ಇರ್ಲಾ?

ಒಂದು.

ಆಯ್ತು. ಮಿಕ್ಸಿ ಹಾಕ್ತೀನಿ. ಕೈ ಮಾತ್ರ ಬಿಡ್ಬೇಡಿ.