ಹನ್ನೆರಡನೇ ಸಾಲು

ನಗೋರು ಈಗ್ಲೇ ನಕ್ಬುಡಿ, ಆಮೇಲೆ ನಗಬ್ಯಾಡಿ. ಇದು ನಮ್ಮ ಚಿಕ್ಕಪ್ಪನ ಮಗಳು ಶ್ರುತಿಗೆ ಆಗಿದ್ದು. ಇದೇ ವಿರೂಪಾಕ್ಷಿಪುರದಲ್ಲಿ, ಹೋದ ಚಳಿಗಾಲ.

ಚನ್ನಪಟ್ಣದಿಂದ ಕೊನೇ ಬಸ್ಸಿಳಿದು ಆಲದಮರದ ದಾರೀಲಿ ಬರ್ತಿದ್ಲು. ಒಬ್ಳೇ. ಹತ್ತು ಗಂಟೆ ಹತ್ರ. ಊರಲ್ಲಿ ಕರೆಂಟು ಆಗಷ್ಟೇ ಹೋಗಿತ್ತು. ಚಪ್ಪಲಿ ಸದ್ದು ಚರಕ್... ಚರಕ್... ಅಷ್ಟೇ.

ಆಗ ಬೆನ್ನ ಹಿಂದೆ, ಕಿವಿ ಹತ್ರಾನೇ...

"ಓದಿದ್ಯೇನವ್ವಾ?"

ತಿರುಗಿದ್ಲು. ಯಾರೂ ಇಲ್ಲ. ದನಿ ಮಾತ್ರ ಗುರುತು ಸಿಕ್ತು. ಪಕ್ಕದ ಮನೆ ಶಿವಕುಮಾರಣ್ಣಂದು. ಅವನು ಕಾಮಾಲೆ ಆಗಿ ತೀರ್ಕೊಂಡು ಎರಡು ವರ್ಷ ಆಗಿತ್ತು.

ನಮ್ಮೂರು, ಸುತ್ತಲ ಊರುಗಳ ಮೋಟರ್ ಡಬ್ಬಿಗಳಿಗೆ ಪ್ರೋಗ್ರಾಂ ಬರೆದೋನು ಅವನೇ. ಕರೆಂಟ್ ಬಂದ್ರೆ ಡಬ್ಬಿ ತಾನೇ ಮೋಟರ್ ಹಾಕ್ತದೆ. ಬರೆದಿದ್ದನ್ನ ಬಚ್ಚಿಡದೆ ಇಂಟರ್‌ನೆಟ್ಟಲ್ಲಿ ಇಟ್ಟಿದ್ದ, ಯಾರು ಬೇಕಾದ್ರೂ ತಿದ್ದಿ ಕಳಿಸ್ಬೋದು. ಅವನು ಹೋದ್ಮೇಲೆ, ಬಂದ ತಿದ್ದುಪಡಿ ನೋಡಿ ಒಪ್ಪೋ ಕೆಲಸ ಶ್ರುತಿದು. ಅವಳು ಒಪ್ಪಿದ್ದು ರಾತ್ರಿ ಒಂಬತ್ತಕ್ಕೆ ಎಲ್ಲಾ ಡಬ್ಬಿಗೂ ಇಳಿಯೋದು.

ಅವತ್ತು ಸಂಜೆ ಆಫೀಸಲ್ಲಿ ಕಾಫಿ ಕುಡೀತಾ ಒಂದಕ್ಕೆ ಓಕೆ ಒತ್ತಿದ್ಲು. ಯಾವನೋ ಕಂಡರಿಯದೋನು ಕಳಿಸಿದ್ದು. 'ಬೇಡದ ಸಾಲು ತೆಗೆದಿದ್ದೇನೆ' ಅಂತ ತಲೆಬರಹ. ಕಸ ಗುಡಿಸೋ ಕೆಲಸ ತಾನೆ, ಅದ್ರಲ್ಲೇನು ಓದೋದು ಅಂತ ಬುಟ್ಟಿದ್ಲು.

ಮೊಬೈಲ್ ತೆಗೆದು ಆ ತಿದ್ದುಪಡೀನ ಈಗ ಓದಿದ್ಲು. ತೆಗೆದಿದ್ದ ಹನ್ನೆರಡರಲ್ಲಿ ಹನ್ನೊಂದು ಸಾಲು ನಿಜವಾಗ್ಲೂ ಕಸ. ಹನ್ನೆರಡನೇದು... ಮೋಟರ್ ಹಾಕೋ ಮುಂಚೆ ನಲವತ್ತು ಸಲ ಟಿಕ್ ಅನ್ಸೋ ಸಾಲು.

ಅದಿಲ್ದಿದ್ರೆ ಕರೆಂಟ್ ಬಂದ ತಕ್ಷಣ ಮೋಟರ್ ತಿರುಗ್ತದೆ. ಕರೆಂಟ್ ಹೋದಾಗ ನಮ್ಮೋರು ಮೈನ್ ಸ್ವಿಚ್ ತೆಗೀತಾರಾ? ಎಲ್ಲಿ ಬಂತು! ಸೀದಾ ಬಾವಿಗಿಳಿದು ಪಂಪಿಗೆ ಕೈ ಹಾಕ್ತಾರೆ. ಕರೆಂಟ್ ಬಂದು ಟಿಕ್ ಶುರುವಾದ್ರೆ ಎಣಿಸ್ಕೊಂಡು ಮೇಲೆ ಬತ್ತಾರೆ. ಆ ಟಿಕ್ ನಂಬ್ಕೊಂಡೇ ಇಳಿಯೋದು.

ಮನೆಗೆ ಫೋನ್ ಹಚ್ಚಿದ್ಲು. "ಅವ್ವಾ, ಅಪ್ಪ ಎಲ್ಲಿ?"

"ಬಾವಿಗಿಳಿದವ್ರೆ ಕಣೇ, ಪಂಪಿನ ಬೆಲ್ಟ್ ಜಾರೈತಂತೆ. ಯಾಕೆ?"

ಚಪ್ಪಲಿ ಬುಟ್ಟು ಬಾವಿ ಕಡೆಗೆ ಓಡಿದ್ಲು. ಅರ್ಧ ದಾರಿ ಇರಬೇಕಾದ್ರೆ ಝಗ್ಗಂತ ಊರೆಲ್ಲಾ ಲೈಟು! ಮುಗೀತು, ನನ್ನ ಕೈಯಾರೆ ಕೊಂದೆ ಅನ್ಕೊಂಡ್ಲು. ಆಗ ಬಾವಿ ಕಡೆಯಿಂದ...

ಟಿಕ್...

ಟಿಕ್...

ಟಿಕ್...

ಅಳ್ತಾ ಎಣಿಸ್ತಾ ಓಡಿದ್ಲು. ನಲವತ್ತು. ಗುರ್ರ್... ಅಂತ ಮೋಟರ್ ತಿರುಗ್ತು. ನಮ್ಮ ಚಿಕ್ಕಪ್ಪ ಪಂಚಾಕ್ಷರಯ್ಯ ಬಾವಿ ಕಟ್ಟೆ ಮೇಲೆ ನಿಂತು ಕೈಗಂಟಿದ ಗ್ರೀಸು ಒರೆಸ್ಕೊಂತಿದ್ರು.

"ಯಾಕವ್ವ ಅಳ್ತೀಯ? ಮೂವತ್ತಕ್ಕೇ ಮೇಲೆ ಬಂದಿದ್ದೆ."

ಅವಳು ಅಪ್ಪನ ಕೈ ಹಿಡ್ಕೊಂಡು ಬುಡ್ಲೇ ಇಲ್ಲ. ಅವತ್ತೇ ರಾತ್ರಿ ಊರೂರಿಗೂ ಫೋನ್ ಮಾಡಿ, ಯಾರೂ ಬಾವಿಗೆ ಇಳೀಬೇಡಿ ಅಂದ್ಲು. ಆ ಸಾಲು ವಾಪಸ್ ಹಾಕಿ, ಪಕ್ಕದಲ್ಲಿ ಬರೆದ್ಲು: 'ತೆಗೀಬೇಡಿ. ಕೆಳಗೆ ಜನ ಇರ್ತಾರೆ.'

ಬೆಳಿಗ್ಗೆ ನಾನೂ ಅವಳೂ ಚಿಕ್ಕಪ್ಪನ ಡಬ್ಬಿ ಬಿಚ್ಚಿ ಲ್ಯಾಪ್‌ಟಾಪಿಗೆ ಹಾಕಿ ನೋಡಿದ್ವಿ. ಅವಳು ವಾಪಸ್ ಹಾಕಿದ್ದು ಇನ್ನೂ ಇಳಿದಿರ್ಲಿಲ್ಲ, ಹಿಂದಿನ ರಾತ್ರಿ ಒಂಬತ್ತಕ್ಕೆ ಇಳಿದಿದ್ದೇ ಅದರೊಳಗೆ ಇತ್ತು. ನಮ್ಮಪ್ಪನಾಣೆ, ಈ ಕಣ್ಣಲ್ಲೇ ಎರಡು ಸಲ ಓದಿದೀನಿ...

ಹನ್ನೆರಡನೇ ಸಾಲು ಅದರಲ್ಲಿ ಇರ್ಲಿಲ್ಲ.